ಕೆಲಸ ಬಿಡುವುದಿಲ್ಲ

ನಮ್ಮ ಮಗಳು ನ್ಯಾಳ ಅಪ್ಪನಿಗೆ ಥೋವಾಳ ವಂದನೆ.

ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆಂದು ಬರೆಯುತ್ತಿದ್ದೇನೆ. ನಾನು ಶೂ ಕಾರ್ಖಾನೆಯ ಕೆಲಸ ಬಿಡುವುದಿಲ್ಲ. ಹೊರದೇಶಗಳಲ್ಲಿ ನಮ್ಮ ಸರಕಿನ ಮೇಲಿನ ಸುಂಕ ಇಳಿದ ಮೇಲೆ ನಮ್ಮ ಥಾನ್ ಹ್ವಾ ಪ್ರಾಂತ್ಯದಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಹೊಲಿಗೆಗೆ ಹೆಂಗಸರನ್ನೇ ಕರೆಯುತ್ತಾರೆ. ಇವು ಆಗಲೇ ಇದ್ದಿದ್ದರೆ ನೀವು ತೈವಾನಿಗೆ ಹೋಗಬೇಕಿರಲಿಲ್ಲ.

"ಮಗ ಸಮುದ್ರದಾಚೆ, ಸೊಸೆ ಮಿಷನ್ ಮುಂದೆ. ಮನೆ ಕಾಯೋಕೆ ಬೆಕ್ಕೊಂದೇ ಉಳೀತು ನೋಡ್ರಮ್ಮಾ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಅಂದರು. ಆದರೆ ಬೆಳಗ್ಗೆ ನನ್ನ ಡಬ್ಬಿಗೆ ಅನ್ನ, ಹುರಿದ ಮೀನು ತುಂಬಿಕೊಡುವವರೂ ಅವರೇ.

ಬ್ಯಾಂಕಿನಲ್ಲಿ ನನ್ನ ಹೆಸರಿಗೇ ಖಾತೆ ತೆರೆದೆ. ನೀವು ತೈವಾನಿನಲ್ಲಿದ್ದೀರೆಂದು ತಿಳಿದು ಅಲ್ಲಿನ ಹುಡುಗಿ, "ಅಕ್ಕಾ, ನಿಮ್ಮನೆಯವ್ರು ನೋಡೋಕೆ ಹೇಗಿದ್ದಾರೆ?" ಎಂದು ತಮಾಷೆಗೆ ಕೇಳಿದಳು. ವಿಡಿಯೊ ಕರೆ ಮಾಡಿದಾಗ ಫೋನಿನ ಪರದೆಯಲ್ಲಿ ಕಾಣುವ ನಿಮ್ಮ ಹಣೆ ಮಾತ್ರ ನೆನಪಾಯಿತು.

ಚಳಿಗಾಲಕ್ಕೆ ನಿಮ್ಮ ಕರಾರು ಮುಗಿಯುತ್ತದೆ. ದಯವಿಟ್ಟು ಮತ್ತೆ ಸಹಿ ಹಾಕಬೇಡಿ. ಇಲ್ಲಿ ಗಂಡಸರಿಗೆ ಕೆಲಸ ಕಡಿಮೆ, ನಿಜ. ಆದರೆ ಗದ್ದೆ ನೋಡಬೇಕು, ನ್ಯಾಳನ್ನು ಶಾಲೆಗೆ ಬಿಡಬೇಕು. ನನ್ನ ಸಂಬಳ ನಾಲ್ವರಿಗೂ ಸಾಕು. "ಹೆಂಡ್ತಿ ದುಡಿದಿದ್ದು ತಿನ್ನೋನಾ ನಾನು?" ಅಂದಿರಿ. ಇಷ್ಟು ವರ್ಷ ನಿಮ್ಮ ದುಡಿಮೆಯನ್ನು ನಾನು ತಿನ್ನಲಿಲ್ಲವೇ?

ಸಂಜೆ ಕೆಲಸ ಬಿಟ್ಟಾಗ ಗೇಟಿನಾಚೆ ಗಂಡಂದಿರು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ. ತಡವಾಯಿತೆಂದು ಗೊಣಗುತ್ತಲೇ ಹೆಂಡತಿಗೆ ಹೆಲ್ಮೆಟ್ ಕೊಡುತ್ತಾರೆ. ನಾನು ಅವರ ನಡುವೆ ಸೈಕಲ್ ತಳ್ಳಿಕೊಂಡು ಬರುತ್ತೇನೆ. ನೀವಲ್ಲಿ ಇರುವುದಿಲ್ಲವೆಂದು ಗೊತ್ತಿದ್ದೂ ಆ ಸಾಲಿನ ಕೊನೆಯವರೆಗೂ ನೋಡಿಕೊಂಡೇ ಬರುತ್ತೇನೆ.

ನಿಮ್ಮ,
ಥೋವಾ