ಮೂಲೆ ಮಡಿಸಿದ ಚೀಟಿಗಳು

ಅಂಗಡಿಯ ಹಿಂದಿನ ಕೋಣೆ
ಶುಕ್ರವಾರ, ಜೂನ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಮೊಣಕಾಲಿನ ಊತ ಇಳಿಯಿತೇ, ಇಲ್ಲಾ ಹಟಕ್ಕೆ ಬಿದ್ದು ಮಗಳ ಮನೆಯ ಮೂರು ಮಹಡಿಯನ್ನೂ ಹತ್ತಿ ಇಳಿಯುತ್ತಿದ್ದೀಯಾ? ಲಿಫ್ಟಿಗೂ ನಿನಗೂ ಏನು ಜಗಳವೋ ಕಾಣೆ. ಮೊಮ್ಮಗಳಿಗೆ ಹಲ್ಲು ಬಂತಂತೆ, ಮೊದಲು ಕಚ್ಚಿದ್ದು ನಿನ್ನನ್ನೇ ಅಂತೆ. ಮನೆತನಕ್ಕೆ ತಕ್ಕ ಹುಡುಗಿ. ಬೆಳಗಿನ ಮಾತ್ರೆ ಮರೆಯಬೇಡ. ಎದುರಿಗಿದ್ದಿದ್ದರೆ "ನನಗೇ ಬುದ್ಧಿ ಹೇಳೋಷ್ಟು ದೊಡ್ಡವಳಾದೆಯಾ?" ಅನ್ನುತ್ತಿದ್ದೆ. ಆಗಿದ್ದೇನೆ ಕಣೇ, ನಲವತ್ತೆಂಟು ತುಂಬಿತು, ದೊಡ್ಡವಳೆಂದು ಯಾರೂ ಒಪ್ಪಿಕೊಂಡಿಲ್ಲ ಅಷ್ಟೆ.

ಈ ಕಾಲದಲ್ಲಿ ಕಾಗದ ಯಾಕೆ ಅಂದುಕೊಳ್ಳಬೇಡ. ಫೋನಿನಲ್ಲಿ ಅಂಗಡಿ ಎಂಬ ಮಾತು ಬಂದ ಕೂಡಲೇ "ಒಲೆ ಮೇಲೆ ಹಾಲು ಉಕ್ತಿದೆ, ಇಡ್ತೀನಿ" ಅನ್ನುತ್ತೀಯ. ಏಳು ತಿಂಗಳಿಂದ ಆ ಮನೆಯಲ್ಲಿ ಎಷ್ಟು ಹಾಲು ಉಕ್ಕಿರಬೇಕು! ಕಾಗದಕ್ಕೆ ಒಂದು ಅನುಕೂಲವಿದೆ. ಹಾಲು ಇಳಿಸಿ ಬಂದು ಬಿಟ್ಟ ಸಾಲಿನಿಂದಲೇ ಓದಬಹುದು.

ನವೆಂಬರಿನ ಆ ಸಂಜೆಯನ್ನು ಒಮ್ಮೆ ಬರೆದುಬಿಡುತ್ತೇನೆ, ನಿನಗೆ ಮರೆತಿದೆಯೆಂದಲ್ಲ, ನಾನು ಅದನ್ನು ಸರಿಯಾಗಿ ನೋಡಿದ್ದೇನೆಂದು ನಿನಗೆ ಗೊತ್ತಾಗಲಿ ಎಂದು. ಅಪ್ಪ ಬಿಟ್ಟುಹೋದ ಈ ಕನ್ನಡಕದಂಗಡಿಯಲ್ಲಿ ಮೂವತ್ತು ವರ್ಷದಿಂದ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು ನೀನು. ಕೌಂಟರಿನಲ್ಲಿ ತಮ್ಮ, ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಹಿಡಿದುಕೊಂಡು ನಾನು, ಡ್ರಾಯರಿನಲ್ಲಿ ನನ್ನ ಕವನದ ಪುಸ್ತಕಗಳು. ಹೊಸ ಪರೀಕ್ಷಕಿ ಬಂದು ಒಂದು ವರ್ಷವಾಗಿತ್ತು. ಮಾಡಿಸಿಕೊಂಡು ಹೋದ ಕನ್ನಡಕ ಹೊಂದುತ್ತಿಲ್ಲ, ತಲೆ ಸುತ್ತುತ್ತದೆ, ಮೆಟ್ಟಿಲು ತೇಲುತ್ತದೆ ಎಂದು ಎಷ್ಟು ಜನ ವಾಪಸ್ಸು ತಂದರೆಂದು ನೋಡು ಅಂದ ತಮ್ಮ. ನೋಡಿದೆ. ನೀನು ಪರೀಕ್ಷಿಸಿದ ನಾನೂರು ಜನರಲ್ಲಿ ಮೂವತ್ತೈದು, ಅವಳು ಪರೀಕ್ಷಿಸಿದ ನಾನೂರರಲ್ಲಿ ಇಪ್ಪತ್ತು. ಲೆಕ್ಕ ಹಾಕಿದೆ. ಇಬ್ಬರೂ ಒಂದೇ ಸಮ ಇದ್ದೂ ಬರೀ ಅದೃಷ್ಟದಿಂದ ಇಷ್ಟು ಅಂತರ ಬರುವ ಸಂಭವ ನೂರಕ್ಕೆ ನಾಲ್ಕೂ ಇರಲಿಲ್ಲ. ಅದನ್ನು ಕಾಗದದಲ್ಲಿ ಅಚ್ಚು ಹಾಕಿಸಿ, ಎಲ್ಲರೂ ಮೇಜಿನ ಸುತ್ತ ಕೂತಿದ್ದಾಗ ಓದಿದೆ. "ನನ್ನ ಹತ್ರ ಬರೋ ಕಣ್ಣು ಬೇರೆ" ಅಂದೆ ನೀನು. ಒಂದೇ ವಾಕ್ಯ. ನಾನು, "ಅಕ್ಕಾ, ಸಂಖ್ಯೆ ಯಾರ ಮುಖವನ್ನೂ ನೋಡೋದಿಲ್ಲ" ಅಂದೆ. ನೀನು ಬಿಳಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮಗಳ ಮನೆಗೆ ನಾಲ್ಕು ದಿನ ಹೋಗಿಬರುತ್ತೇನೆಂದು ಹೋದೆ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಈಗ ಸುದ್ದಿ ಕೇಳು. ನನ್ನ ಲೆಕ್ಕ ಸರಿಯಾಗಿದ್ದರೆ ನೀನು ಹೋದ ಮೇಲೆ ವಾಪಸ್ಸು ಬರುವ ಕನ್ನಡಕ ಕಡಿಮೆಯಾಗಬೇಕಿತ್ತು, ನೂರಕ್ಕೆ ಐದರ ಹತ್ತಿರ. ಆಗಲಿಲ್ಲ, ಹತ್ತಾಯಿತು. ನಾನೂರ ಹತ್ತು ಜನರಲ್ಲಿ ನಲವತ್ತೊಂದು. ಹೊಸ ಪರೀಕ್ಷಕಿ ಪಾಪ, ತನ್ನ ಕೈಗೇ ಏನೋ ಆಗಿದೆಯೆಂದು ಒಂದು ದಿನ ಅಳುತ್ತಾ ಬಂದು ನನ್ನ ಮುಂದೆ ಕೂತಳು. ತಮ್ಮ ಮಾತ್ರ ನಿಶ್ಚಿಂತೆಯಿಂದ, "ಅವಳಿಗೂ ಅಕ್ಕನ ಗಾಳಿ ತಗುಲಿತು" ಅಂದ. ಒಂದು ಚಮಚ ಅವನತ್ತ ಎಸೆದೆ. ತಗುಲಲಿಲ್ಲ. ಚಿಕ್ಕಂದಿನಲ್ಲಿ ನಿನ್ನ ಗುರಿ ತಪ್ಪುತ್ತಿರಲಿಲ್ಲ.

ಆಗ ಗಿರಾಕಿಗಳನ್ನೇ ಕೇಳೋಣವೆಂದು ಒಂದು ಸಮೀಕ್ಷೆ ಹೂಡಿದೆ. ಯಾರಿಗೆ ಫೋನ್ ಮಾಡುವುದು ಎಂಬುದರಲ್ಲೇ ಮೊದಲ ಜಗಳ. "ನಮಗೆ ಗೊತ್ತಿರೋರಿಗೇ ಮಾಡು, ಒಳ್ಳೆ ಮಾತು ಹೇಳ್ತಾರೆ" ಅಂದ ತಮ್ಮ. ಒಳ್ಳೆ ಮಾತು ಬೇಕಿದ್ದರೆ ಕನ್ನಡಿ ಮುಂದೆ ನಿಂತು ಹೇಳಿಕೋ ಎಂದು ಅವನನ್ನು ಕೌಂಟರಿಗೆ ಅಟ್ಟಿ, ನೀನಿದ್ದ ಕೊನೆಯ ವರ್ಷದ, ನಿಮ್ಮಿಬ್ಬರ ಎಂಟುನೂರು ಗಿರಾಕಿಗಳಿಗೂ ಒಂದೊಂದು ಅಂಕಿ ಕೊಟ್ಟು, ಕಣ್ಣು ಮುಚ್ಚಿ ಅರವತ್ತು ಅಂಕಿ ಎತ್ತಿದೆ. ಅರವತ್ತು ಸಾಕೇ ಅನ್ನುತ್ತೀಯ, ಗೊತ್ತು. ಪಾತ್ರೆಯನ್ನು ಚೆನ್ನಾಗಿ ಕಲಕಿದ್ದರೆ ರುಚಿ ನೋಡಲು ಒಂದು ಚಮಚ ಸಾಕು, ಕಲಕದೆ ಮೇಲಿನದನ್ನೇ ಬಡಿಸಿಕೊಂಡರೆ ಸೌಟು ತುಂಬ ತೆಗೆದರೂ ತಪ್ಪೇ. ಆ ಅರವತ್ತು ಜನರನ್ನು ಬಿಡದೆ ಹಿಡಿದೆ. ಒಬ್ಬರು ಸ್ನಾನಕ್ಕೆ ಹೋಗಿದ್ದರು, ಒಬ್ಬರು ನನ್ನನ್ನು ವಿಮೆ ಮಾರುವವಳೆಂದು ತಿಳಿದು ಬೈದರು, ಒಬ್ಬ ನಿವೃತ್ತ ಮೇಷ್ಟರು ನನ್ನ ಪ್ರಶ್ನೆಗಳಿಗೇ ಅಂಕ ಕೊಟ್ಟರು. ಹತ್ತಕ್ಕೆ ಆರು.

ನಾನು ಬರೆದುಕೊಂಡಿದ್ದು ನಾಲ್ಕು ಪ್ರಶ್ನೆ. ಐದನೆಯದನ್ನು ಅವರೇ ಕೇಳಿದರು: "ಆ ಬೈಯೋ ಅಮ್ಮ ಎಲ್ಲಿ ಹೋದರು?" ಅರವತ್ತರಲ್ಲಿ ಹದಿನೇಳು ಜನ ನಿನ್ನನ್ನು ಹೀಗೆ ಕೇಳಿದರು. ಮಾದರಿ ಚಿಕ್ಕದಾದ್ದರಿಂದ ಖಚಿತವಾಗಿ ಹೇಳಲಾರೆ, ಆದರೆ ಎಂಟುನೂರು ಮನೆಗಳಲ್ಲಿ ಕಡಿಮೆಯೆಂದರೂ ನೂರ ಮೂವತ್ತು ಮನೆಯವರು ಬೈಯೋ ಅಮ್ಮನನ್ನು ಹುಡುಕುತ್ತಿರಬೇಕು. ಮುನ್ನೂರರ ತನಕವೂ ಇರಬಹುದು. ಈ ಒಂದು ಅಂಕಿಯನ್ನು ಮಗಳಿಗೂ ಅಳಿಯನಿಗೂ ಓದಿ ಹೇಳು.

ಅವರಲ್ಲಿ ಒಬ್ಬರು ಹೊಲಿಗೆಯವರು. ಎಪ್ಪತ್ತು ದಾಟಿದವರು, ಈಗಲೂ ಸೂಜಿಗೆ ದಾರ ತಾವೇ ಪೋಣಿಸುತ್ತಾರಂತೆ. "ಹೊಸಬರ ಹತ್ರ ಹೋಗ್ತೀನಿ ಅಂದ್ರೂ ನಿಮ್ಮ ಬಾಗಿಲ ಹತ್ರದವರು ಬಿಡಲಿಲ್ಲಮ್ಮ. ನನ್ನ ಚೀಟಿ ಮೂಲೆ ಮಡಿಸಿ, ದೊಡ್ಡವರ ಕೋಣೆಗೇ ಹೋಗಿ ಅಂದ್ರು" ಎಂದರು. ನಾನು ಫೋನ್ ಕೆಳಗಿಟ್ಟು ನೇರ ಹೊರಗೆ ಬಂದೆ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಬಂದವರಿಗೆಲ್ಲ ಸರದಿ ಚೀಟಿ ಬರೆದುಕೊಡುವ ನಮ್ಮ ಚೀಟಿ ಮಾವನನ್ನು ಕೇಳಿದೆ. ಅವರು ಪೆನ್ನಿನ ಮುಚ್ಚಳವನ್ನೂ ಹಾಕದೆ, "ಹೌದು. ವಯಸ್ಸಾದವರು, ದೂರಕ್ಕೂ ಓದಲಿಕ್ಕೂ ಒಂದೇ ಗಾಜು ಮೊದಲ ಸಲ ಹಾಕೋರು, ಮೂರು ಅಂಗಡಿ ತಿರುಗಿ ಬಂದೋರು, ಎಲ್ಲ ಅಕ್ಕನಿಗೆ. ಮೂಲೆ ಮಡಿಸ್ತೀನಿ. ಹೊಸಬಳು ಬಂದ ದಿನದಿಂದ ಹಾಗೇ" ಅಂದರು. ಯಾಕೆ ಹೇಳಲಿಲ್ಲ ಮಾವಾ ಅಂದರೆ, "ನೀವು ಕಂಪ್ಯೂಟರನ್ನ ಕೇಳಿದ್ರಿ, ನನ್ನನ್ನ ಕೇಳಲಿಲ್ಲ" ಅಂದರು. ವ್ಯಂಗ್ಯವೂ ಅಲ್ಲ. ಅವರ ಮಟ್ಟಿಗೆ ಅದು ಹವಾಮಾನದ ಸುದ್ದಿ.

ಅವರು ಏನನ್ನೂ ಎಸೆಯುವುದಿಲ್ಲ, ಗೊತ್ತಲ್ಲ. ಗಾಜು ಬಂದ ಖಾಲಿ ಡಬ್ಬಗಳಲ್ಲಿ ಅಷ್ಟೂ ಚೀಟಿ ಇದ್ದವು, ತಾರೀಖು ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ. ಮೂರು ದಿನ ನೆಲದ ಮೇಲೆ ಹರಡಿಕೊಂಡು ಕೂತೆವು, ನಾನು ಮತ್ತು ಹೊಸ ಪರೀಕ್ಷಕಿ, ಮಡಿಸಿದ್ದು ಒಂದು ಕಡೆ, ಮಡಿಸದ್ದು ಒಂದು ಕಡೆ. ಪರೀಕ್ಷೆಗೆ ಮೊದಲೇ ಮಡಿಸಿದ್ದಲ್ಲವೇ? ಫಲಿತಾಂಶ ನೋಡಿಕೊಂಡು ಯಾರೂ ಮಡಿಸಿಲ್ಲ. ಇದಕ್ಕಿಂತ ಪ್ರಾಮಾಣಿಕ ದಾಖಲೆ ನನಗೆ ವಿಶ್ವವಿದ್ಯಾಲಯದಲ್ಲೂ ಸಿಕ್ಕಿರಲಿಲ್ಲ. ನಿನ್ನ ನಾನೂರರಲ್ಲಿ ಮುನ್ನೂರು ಚೀಟಿಗೆ ಮೂಲೆ ಮಡಿಸಿತ್ತು, ಅವಳ ನಾನೂರರಲ್ಲಿ ಐವತ್ತಕ್ಕೆ ಮಾತ್ರ, ಅದೂ ನೀನು ಮೊಣಕಾಲಿಗೆಂದು ರಜೆ ಹಾಕಿದ ವಾರಗಳಲ್ಲಿ. ಮಡಿಸಿದವರಲ್ಲಿ ನಿನಗೆ ನೂರಕ್ಕೆ ಹನ್ನೊಂದು ವಾಪಸ್ಸು, ಅವಳಿಗೆ ಹದಿನೆಂಟು. ಮಡಿಸದವರಲ್ಲಿ ನಿನಗೆ ಎರಡು, ಅವಳಿಗೆ ಮೂರು. ಕಷ್ಟದ ಕಣ್ಣಿನಲ್ಲೂ ನಿನ್ನದೇ ಕಡಿಮೆ, ಸುಲಭದ ಕಣ್ಣಿನಲ್ಲೂ ನಿನ್ನದೇ ಕಡಿಮೆ. ಎರಡನ್ನೂ ಒಂದೇ ಚೀಲಕ್ಕೆ ಸುರಿದಾಗ ಮಾತ್ರ ನಿನ್ನದು ಹೆಚ್ಚು, ಏಕೆಂದರೆ ನಿನ್ನ ಚೀಲದ ತುಂಬ ಕಷ್ಟದ ಕಣ್ಣೇ ಇತ್ತು. ಮೊದಲ ವರ್ಷದ ಪಾಠ ಇದು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಪದ್ಯದಿಂದ ಒಂದು ಸಾಲನ್ನು ಕಿತ್ತು ಓದಿದರೆ ಅರ್ಥ ಕೆಡುತ್ತದೆಂದು ಕಂಡಕಂಡವರಿಗೆಲ್ಲ ಹೇಳುವವಳು, ನಿನ್ನ ಮೂವತ್ತೈದನ್ನು ಹಾಗೇ ಕಿತ್ತು ಓದಿದೆ.

ಇಷ್ಟು ತಿಳಿದ ಮೇಲೆ ತಮ್ಮ ಕುಣಿದಾಡಿ, "ಅಕ್ಕನೇ ಮೇಲು ಅಂತ ದೊಡ್ಡ ಅಕ್ಷರದಲ್ಲಿ ಬರಿ, ಫೋಟೋ ತೆಗೆದು ಕಳಿಸ್ತೀನಿ" ಅಂದ. ಬರೆಯುವುದಿಲ್ಲ ಅಂದೆ. ಕೋಪ ಮಾಡಿಕೊಳ್ಳಬೇಡ. ಅವಳ ಪಾಲಿಗೆ ಬಂದ ಮಡಿಸಿದ ಚೀಟಿ ಐವತ್ತೇ. ಐವತ್ತರಲ್ಲಿ ಹದಿನೆಂಟು ಶೇಕಡಾ ಎಂದರೆ ಒಂಬತ್ತು ಜನ. ಮೂರು ಜನ ತಲೆ ಸುತ್ತನ್ನು ಸಹಿಸಿಕೊಂಡಿದ್ದರೆ ಇಬ್ಬರೂ ಹೆಚ್ಚುಕಡಿಮೆ ಸಮ. ಅಷ್ಟು ಅಂತರ ಆಕಸ್ಮಿಕವಾಗಿಯೂ ಬಂದೀತು. ನಿನ್ನ ಮೇಲೆ ಹೊರಿಸಿದ್ದ ತಪ್ಪಿಗೆ ಆಧಾರ ಒಂದೂ ಉಳಿದಿಲ್ಲ, ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ನೀನೇ ಮೇಲು ಎಂದು ಮಾತ್ರ ಈಗಲೇ ಹೇಳಲಾರೆ. ಒಂದು ಸಲ ನಿನ್ನನ್ನು ನೋಯಿಸಲು ಅವಸರದ ಲೆಕ್ಕ ಸಾಕಾಯಿತು, ನಿನ್ನನ್ನು ಒಲಿಸಲು ಮತ್ತೊಂದು ಅವಸರದ ಲೆಕ್ಕ ಬೇಡ. ಹೊಸ ಪರೀಕ್ಷಕಿಗೆ ಇದನ್ನು ವಿವರಿಸಿದಾಗ ಮುಖ ಅರಳಿತು. "ಹಾಗಾದ್ರೆ ನನ್ನ ಕೈಗೆ ಏನೂ ಆಗಿಲ್ಲ, ಅಲ್ವಾ? ದೊಡ್ಡ ಮೇಡಂ ಬಂದ ಮೇಲೂ ಮಡಿಸಿದ ಚೀಟಿ ಅರ್ಧ ನನಗೇ ಕೊಡಿಸಿ, ಅವರ ಪಕ್ಕದಲ್ಲಿ ನಿಂತು ಕಲೀತೀನಿ" ಅಂದಳು. ನೀನು ಬರುವೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅವಳಿಗೆ ಹೊಳೆದಿಲ್ಲ. ನಾನು ತಿದ್ದಲು ಹೋಗಲಿಲ್ಲ.

ನಿನ್ನೆ ಎಲ್ಲರನ್ನೂ ಅದೇ ಮೇಜಿನ ಸುತ್ತ ಕೂರಿಸಿ, ನವೆಂಬರಿನ ಕಾಗದ ತಪ್ಪು, ತಪ್ಪು ಮಾಡಿದವಳು ನಾನು ಎಂದು ಓದಿದೆ. ಚೀಟಿ ಮಾವ ತಲೆಯಾಡಿಸಿ, "ಸರಿ, ಹೊರಗೆ ಇಬ್ಬರು ಕಾಯ್ತಿದ್ದಾರೆ" ಎಂದು ಎದ್ದು ಹೋದರು.

ಮೊಮ್ಮಗಳ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು. ಮಗಳಿಗೂ ಅಳಿಯನಿಗೂ ನಮ್ಮೆಲ್ಲರ ನೆನಪು ಹೇಳು. ನೀನು ಚೆನ್ನಾಗಿರು, ಮೊಣಕಾಲು ಹಗುರವಾಗಲಿ, ಕೋಪವೂ ಒಂದಿಷ್ಟು ಹಗುರವಾಗಲಿ.

ನಿನ್ನ
ತಂಗಿ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದಿದ್ದೆಲ್ಲ ಲೆಕ್ಕದ ತಪ್ಪು, ಅಸಲಿ ತಪ್ಪು ಅದಲ್ಲ. ಆ ಸಂಜೆ ಮೂವತ್ತೈದು ಎಂಬ ಅಂಕಿ ಪರದೆಯ ಮೇಲೆ ಕಂಡಾಗ ನನಗೆ ಒಳಗೊಳಗೇ ಖುಷಿಯಾಯಿತು ಅಕ್ಕಾ. ಎಲ್ಲರೂ ನಿನ್ನನ್ನೇ ಕೇಳಿಕೊಂಡು ಬರುವ ಅಂಗಡಿಯಲ್ಲಿ, ಒಂದು ಸಲವಾದರೂ ನಾನು ಹೇಳಿದ್ದು ನಡೆಯಿತಲ್ಲ ಎಂದು. ಅದಕ್ಕೇ ನಿನ್ನ ಆ ಒಂದು ವಾಕ್ಯ ಕಿವಿಗೆ ಬೀಳಲಿಲ್ಲ. ಇದನ್ನು ಕಾಗದದಲ್ಲಿ ಕ್ಷಮಿಸಬೇಡ. ಜೂನ್ ೨೩ರ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತಿದ್ದೇನೆ, ಎದುರಿಗೆ ಕೂರಿಸಿಕೊಂಡು ಬೈಯುವಷ್ಟು ಬೈದುಬಿಡು. ಟಿಕೆಟ್ ಕೊಡುವವನು ಸಂಜೆ ವಾಪಸ್ಸಿಗೆ ಎಷ್ಟು ಸೀಟು ಎಂದು ಕೇಳಿದ. ಎರಡು ಅಂದೆ. ಈ ಅಂಕಿಗೆ ನನ್ನ ಹತ್ತಿರ ಯಾವ ಆಧಾರವೂ ಇಲ್ಲ.