ಸಾಹೇಬರ ಹಪ್ಪಳ

ಠಾಕುರ್ಲಿ, ಭಾನುವಾರ

ಅಮ್ಮಾ,

ಫೋನ್ ಮಾಡಿದರೆ ನಿನ್ನ ಪಕ್ಕದಲ್ಲೇ ಅಪ್ಪ ಇರುತ್ತಾರೆ. ಅದಕ್ಕೇ ಊರಿಗೆ ಹೊರಟ ಲತೀಶಣ್ಣನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಒಬ್ಬಳೇ ಇರುವಾಗ ಓದು.

ಹಲಸಿನ ಹಪ್ಪಳ ತಲುಪಿತು. ಒಂದು ಕಟ್ಟಿನ ಮೇಲೆ ಅಪ್ಪ ತಮ್ಮ ಕೈಯಾರೆ 'ರಬಾಳೆ ಕಂಪನಿಯ ಸಾಹೇಬರಿಗೆ' ಎಂದು ಬರೆದಿದ್ದಾರೆ. ಆಯುಷ್ಯವಿಡೀ ಹೋಟೆಲಿನಲ್ಲಿ ಸಾಹೇಬರುಗಳಿಗೆ ಚಹಾ ಕೊಟ್ಟವರು. ಮಗನ ಸಾಹೇಬರಿಗೆ ಹಪ್ಪಳ ಕಳಿಸುವುದೆಂದರೆ ಅವರಿಗೊಂದು ಹೆಮ್ಮೆ. ನಾನು ಆ ಕಂಪನಿಯ ಕೆಲಸ ಬಿಟ್ಟು ಮಗಳು ತೃಷಾಳನ್ನು ನೋಡಿಕೊಂಡು ಮನೆಯಲ್ಲಿರುವುದು ಊರಿನಲ್ಲಿ ನಿನಗೊಬ್ಬಳಿಗೇ ಗೊತ್ತು.

ಇಲ್ಲಿಯೂ ಯಾರಿಗೂ ಹೇಳಿಲ್ಲ. ಶಾಲೆಯ ಬಸ್ಸಿನ ಹತ್ತಿರ ಹೆಂಗಸರು "ಆಜ್ ಭೀ ಛುಟ್ಟಿ, ಭಾಯ್ ಸಾಬ್?" ಎಂದು ಕೇಳಿದರೆ ಹೌದು, ಇವತ್ತೂ ರಜೆ ಎಂದುಬಿಡುತ್ತೇನೆ. ತೃಷಾ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ.

ಅಪ್ಪನಿಗೆ ನೀನೇ ಹೇಳು. ಊಟವಾದ ಮೇಲೆ ಹೇಳು. ನಿನ್ನ ಸೊಸೆ ಸೋನಾಲಿಗೆ ಆಫೀಸಿನಲ್ಲಿ ಪ್ರಮೋಷನ್ ಆದದ್ದನ್ನು ಮೊದಲು ಹೇಳು.

ನಮ್ಮ ಪಾಲಿನ ಹಪ್ಪಳ ಮುಗಿಯಿತು. ತೃಷಾ ದಿನವೂ ಕೇಳುತ್ತಾಳೆ. ಸಾಹೇಬರ ಕಟ್ಟು ಹಾಗೆಯೇ ಡಬ್ಬಿಯಲ್ಲಿದೆ. ಅಪ್ಪ 'ಮಗುವಿಗೇ ಕರಿದು ಕೊಡಲಿ' ಎಂದರೆ ಬಿಚ್ಚುತ್ತೇನೆ.

ನಿನ್ನ
ರಿತೇಶ