ಎರಡು ಓಕ್ ಮರಗಳ ನಡುವಿನ ಬಾಗಿಲು

ಟ್ಯಾಬಿ ಕ್ರೀಕ್, ದಕ್ಷಿಣ ಕೆರೊಲಿನಾ
ಅಕ್ಟೋಬರ್ 15, 1991

ಪ್ರೀತಿಯ ತಮ್ಮ ಕೂಟಾ,

ಹೇಗಿದ್ದೀಯೆ? ಫಿಲಡೆಲ್ಫಿಯಾದಲ್ಲಿ ಆಗಲೇ ಚಳಿ ಬಿದ್ದಿರಬೇಕು. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ಕೆಮ್ಮು ಬಂದರೆ ನಾನು ಕಳಿಸಿದ ಒಣ ಎಲೆಯ ಕಷಾಯ ಮಾಡಿ ಕುಡಿ. ಕಹಿ ಎಂದು ಮೂಗು ಮುರಿಯಬೇಡ, ನಿನಗೀಗ ಅರವತ್ತು ದಾಟಿದೆ. ನನ್ನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಆಮೆಯ ಹಾಗೆ ನಿಧಾನ ಎಂದು ಅಜ್ಜಿ ನಿನಗೆ ಕೂಟಾ ಎಂದು ಹೆಸರಿಟ್ಟಳು. ಉತ್ತರ ಬರೆಯುವುದರಲ್ಲೂ ನೀನು ಆ ಹೆಸರು ಉಳಿಸಿಕೊಂಡಿದ್ದೀಯೆ. ಈ ಸಲವಾದರೂ ಬೇಗ ಬರೆ.

ಜಮೀನಿನ ವಿಷಯ ನಿನ್ನ ಕಿವಿಗೂ ಬಿದ್ದಿರುತ್ತದೆ. ಚಿಕ್ಕಪ್ಪನ ಮೊಮ್ಮಗ ಲೆಮ್ ತನ್ನ ಪಾಲನ್ನು ಆ ಗಾಲ್ಫ್ ಮೈದಾನದ ಕಂಪನಿಗೆ ಮಾರಿ ಕೆಂಪು ಟ್ರಕ್ಕು ತೆಗೆದುಕೊಂಡ. ನನ್ನ ಮನೆ ಮುಂದೆ ಬರುವ ಧೈರ್ಯವಿಲ್ಲದೆ ದ್ವೀಪವನ್ನೆಲ್ಲ ಸುತ್ತು ಹಾಕಿ ಅಂಗಡಿಗೆ ಹೋಗುತ್ತಾನಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಂದು ದಿನ ಸಿಕ್ಕೇ ಸಿಗುತ್ತಾನೆ. ಪೊರಕೆ ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇನೆ.

ಅವನದು ಚೂರು ಪಾಲು, ಅದರಿಂದೇನು ಎಂದುಕೊಂಡಿದ್ದೆವು. ಆ ಚೂರನ್ನೇ ಹಿಡಿದುಕೊಂಡು ಕಂಪನಿಯವರು ಪೂರ್ತಿ ಜಮೀನು ಹರಾಜು ಹಾಕಿ ಎಂದು ಕೋರ್ಟಿಗೆ ಹೋಗಿದ್ದಾರೆ. ನಿನಗೆ ನೆನಪಿದೆಯೇ, ಸಿಪಿಯೋ ಮುತ್ತಜ್ಜನ ಮಾತನ್ನು ಅಪ್ಪ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದ: "ಉಯಿಲು ಬರೆಯೋನ್ನ ಸಾವು ವಿಳಾಸ ಕೇಳ್ಕೊಂಡು ಬರುತ್ತೆ. ಬರೆದ್ರೆ ಜಮೀನು ಒಬ್ಬಂದಾಗುತ್ತೆ, ಅವನು ಮಾರ್ತಾನೆ. ಬರೀದೆ ಬಿಟ್ರೆ ಎಲ್ಲಾರ್ದೂ. ಎಲ್ಲಾರ್ದನ್ನ ಮಾರೋ ಗಂಡು ಇನ್ನೂ ಹುಟ್ಟಿಲ್ಲ!" ಗುಲಾಮನಾಗಿ ಉತ್ತ ಮಣ್ಣನ್ನೇ, ಗುಲಾಮರನ್ನು ಬಿಡಿಸಿದ ಯುದ್ಧ ಮುಗಿದ ಮೇಲೆ ದುಡಿದು ಕೊಂಡವನ ಮಾತು, ನಾವು ಬೈಬಲ್ಲಿನ ಪಕ್ಕದಲ್ಲಿಟ್ಟುಕೊಂಡಿದ್ದೆವು. ಅಪ್ಪನೂ ಬರೆಯಲಿಲ್ಲ, ಚಿಕ್ಕಪ್ಪನೂ ಬರೆಯಲಿಲ್ಲ. ಮದುವೆಯಾದವರು ಬಂದು ಮನೆ ಎಲ್ಲಿ ಕಟ್ಟಲಿ ಎಂದು ಕೇಳಿದರೆ, ಹಿರಿಯರು ಜೊತೆಗೆ ನಡೆದು ಹೋಗಿ ಇಲ್ಲಿ ಕಟ್ಟು ಎಂದು ಕಾಲಿನಿಂದ ಗೀಟು ಎಳೆದರೆ ಮುಗಿಯಿತು. ನಮ್ಮ ಕಡೆಯ ಲಾಯರ್ ಹುಡುಗಿ ಡೆಲೋರಿಸ್ ಇದನ್ನೆಲ್ಲ ಕೇಳಿ ಮೆಲ್ಲಗೆ ಹೇಳಿದಳು: "ಎಲ್ಲಾರ್ದೂ ಅನ್ನೋದು ನಿಜ ಅಜ್ಜೀ. ಅದಕ್ಕೇ ಅದರಲ್ಲಿ ಯಾರು ಬೇಕಾದ್ರೂ ತಮ್ಮ ಪಾಲು ಮಾರ್ಬೋದು." ಬೀಗ ಎಂದುಕೊಂಡಿದ್ದದ್ದೇ ಕನ್ನವಾಗಿತ್ತು ನೋಡು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಅವಳು ಒಂದು ದಾರಿ ತೋರಿಸಿದಳು. ಮಿಕ್ಕವರೆಲ್ಲ ಒಟ್ಟಾಗಿ ರುಜು ಹಾಕಿ ಮಾರುವುದು ನಮಗೆ ಬೇಡ ಎಂದು ನಿಂತರೆ, ಕಂಪನಿಗೆ ಒಂದು ಮೂಲೆ ಅಳೆದು ಕೊಟ್ಟು ಉಳಿದದ್ದನ್ನು ಬಿಡಿ ಎಂದು ನ್ಯಾಯಾಧೀಶರನ್ನು ಕೇಳಬಹುದು. ಕಂಪನಿಯವರ ಕೈಗೆ ಇನ್ನೊಂದು ದೊಡ್ಡ ಪಾಲು ಹೋದರೆ ಮಾತ್ರ ಮನೆಗಳು, ಬೆಂಡೆ ಹೊಲ, ದೋಣಿ ಕಟ್ಟುವ ಜಾಗ, ಸ್ಮಶಾನ, ಎಲ್ಲವೂ ಹರಾಜಿಗೆ. ಹೀಗೇ ಮಾರಿಹೋದ ಪಕ್ಕದ ದ್ವೀಪದಲ್ಲಿ ನನ್ನ ಗೆಳತಿ ಕ್ಲಾರಿಸ್ ತನ್ನ ತಾಯಿಯ ಗೋರಿಗೆ ಹೂವಿಡಬೇಕಾದರೆ ಈಗ ಕಾವಲುಗಾರನ ಹತ್ತಿರ ಚೀಟಿ ತೆಗೆದುಕೊಳ್ಳಬೇಕು. ಅಪ್ಪನಿಗೆ ನೀನೂ ನಾನೂ ಇಬ್ಬರೇ. ದೊಡ್ಡ ಪಾಲು ಇರುವುದು ನಮ್ಮಿಬ್ಬರ ಹತ್ತಿರವೇ.

ಅದಕ್ಕೇ ಊರೂರಿನ ಚರ್ಚುಗಳಿಗೆ ಹೇಳಿ ಕಳಿಸಿದೆವು. ಹೋದ ಶನಿವಾರ ನಮ್ಮವರು ಬಂದರು. ಅದನ್ನು ಹೇಗೆ ಬರೆಯಲಿ ಎಂದು ನನಗೆ ಇನ್ನೂ ತಿಳಿಯುತ್ತಿಲ್ಲ. ಸವಾನಾದಿಂದ, ನ್ಯೂಯಾರ್ಕಿನಿಂದ, ಹೆಸರೇ ಕೇಳದ ಊರುಗಳಿಂದ ಬಸ್ಸು ಮಾಡಿಕೊಂಡು ಬಂದರು. ಅಪ್ಪನ ಹಣೆ, ಚಿಕ್ಕಪ್ಪನ ಕುಂಟು ನಡಿಗೆ, ಅಮ್ಮನ ನಗು, ಎಲ್ಲ ಯಾರ್‍ಯಾರದೋ ಮೈಮೇಲೆ ನಮ್ಮ ಅಂಗಳದಲ್ಲಿ ಓಡಾಡುತ್ತಿದ್ದವು. ನಾನು ಕೆಂಪನ್ನದ ಸೌಟು ಹಿಡಿದು ಬಡಿಸುವುದನ್ನೇ ಮರೆತು ನಿಂತೆ. ಚಿಕಾಗೋದಿಂದ ಒಸೀಲಿಯಾ ಎಂಬ ಮುದುಕಿ ಬಂದಿದ್ದಳು, ಎರಡೂ ಕಣ್ಣಿಲ್ಲ. ಸಿಪಿಯೋ ಮುತ್ತಜ್ಜನ ಮಗಳು ಹೇಗಾರಜ್ಜಿ, ಗಂಡನ ಹಿಂದೆ ಉತ್ತರಕ್ಕೆ ಹೋದವಳು ಸುದ್ದಿಯೇ ಇಲ್ಲವಾದಳು ಎನ್ನುತ್ತಿದ್ದರಲ್ಲ, ಅವಳ ಮೊಮ್ಮಗಳು ಇವಳು. ಈ ಮಣ್ಣನ್ನು ಒಮ್ಮೆಯೂ ತುಳಿದವಳಲ್ಲ.

ಊಟವಾದ ಮೇಲೆ ಎಲ್ಲರನ್ನೂ ನೀರಿನ ಹತ್ತಿರ ಹಿರಿಯರ ಗೋರಿಗಳಿಗೆ ಕರೆದುಕೊಂಡು ಹೊರಟೆ. ಅಲ್ಲಿ ಬೇಲಿಯಿಲ್ಲ, ಫಲಕವಿಲ್ಲ, ಎರಡು ಓಕ್ ಮರ ಅಷ್ಟೇ ಎಂಬುದು ನಿನಗೆ ಗೊತ್ತು. ಅಮ್ಮ ಆ ಮರಗಳ ನಡುವೆ ನಿಂತು ಸತ್ತವರ ಅಪ್ಪಣೆ ಕೇಳದೆ ಒಂದು ಹೆಜ್ಜೆ ಇಡಲು ಬಿಡುತ್ತಿರಲಿಲ್ಲ. ಬಂದವರಿಗೆ ಅದನ್ನು ಹೇಳಬೇಕು ಎಂದು ನಾನು ಬಾಯಿ ತೆರೆಯುವ ಮೊದಲೇ, ನನ್ನ ಹೆಗಲು ಹಿಡಿದು ಬರುತ್ತಿದ್ದ ಒಸೀಲಿಯಾ ಮರಗಳ ಬುಡದಲ್ಲಿ ತಾನಾಗಿ ನಿಂತುಬಿಟ್ಟಳು. ಕೋಲಿನಿಂದ ನೆಲ ತಟ್ಟಿದಳು. "ಮನೇಲಿದ್ದೀರೇನ್ರಪ್ಪಾ? ನಿಮ್ಮೋರೇ ಬಂದಿದೀವಿ. ಒಳಗ್ ಬರ್ಲಾ?" ಎಂದಳು. ಅಮ್ಮನ ಮಾತೇ ಕೂಟಾ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿಂದೆ ಬರುತ್ತಿದ್ದವರೆಲ್ಲ ಹಾಗೇ ನಿಂತರು. ನ್ಯೂಯಾರ್ಕಿನ ಗಂಡಸರು ಟೋಪಿ ತೆಗೆದರು. ಅವಳು ತುಸು ಹೊತ್ತು ಕಿವಿಗೊಟ್ಟು ನಿಂತು, "ಬಾಗ್ಲು ತೆಗೆದ್ರು" ಎಂದು ಒಳಗೆ ನಡೆದಳು.

ಅಲ್ಲೇ ನಿಲ್ಲಬೇಕೆಂದು ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದೆ. "ನೆರಳು ತಣ್ಣಗೆ ತಗಲ್ತು, ಬಾಗ್ಲು ಅಂತ ಗೊತ್ತಾಯ್ತು," ಎಂದು ನಕ್ಕಳು. "ಚಿಕಾಗೋದಲ್ಲಿ ಸ್ಮಶಾನದ ಕಬ್ಬಿಣದ ಗೇಟ್ ಮುಂದೇನೂ ನಮ್ಮಜ್ಜಿ ಹೀಗೇ ಕೇಳೋಳು. ಕಾವಲಿನೋನು ಹುಚ್ಚೀ ಅಂತ ಬಯ್ಯೋನು. ಕೇಳೋದು ಬಿಡ್ಲಿಲ್ಲ." ಉಯಿಲು ಬರೆಯದ ಮುತ್ತಜ್ಜನಿಂದ ಆ ಹೆಣ್ಣುಮಕ್ಕಳಿಗೆ ಅಷ್ಟು ದೂರ ಇದೊಂದು ಆಸ್ತಿ ಹೋಗಿ ತಲುಪಿದೆ. ಅವನ ಗೋರಿಯ ಮೇಲೆ ಅವನು ಕೊನೆಗೆ ನೀರು ಕುಡಿದ ಲೋಟ ಅಂದು ಇಟ್ಟ ಹಾಗೇ ಇದೆ. ಒಸೀಲಿಯಾ ಅದನ್ನು ಬೆರಳಿನಿಂದ ಮುಟ್ಟಿದಳು. ನಾವೆಲ್ಲ ಅತ್ತೆವು.

ಅಷ್ಟರಲ್ಲಿ ಕಂಪನಿಯ ಮನುಷ್ಯ ನಕ್ಷೆ ಹಿಡಿದುಕೊಂಡು ಆ ಮರಗಳ ನಡುವೆಯೇ ಧಡಧಡ ಬಂದುಬಿಟ್ಟ. "ಪಾಪ, ಅವ್ನ ಮನೇಗೆ ಬಾಗ್ಲೇ ಇಲ್ವೇನೋ!" ಎಂದಳು ಕ್ಲಾರಿಸ್. ಗೋರಿಗಳ ನಡುವೆ ನಿಂತು ನಾವೆಲ್ಲ ಹಾಗೆ ನಕ್ಕದ್ದು ತಪ್ಪೋ ಏನೋ. ಸಂಜೆ ಡೆಲೋರಿಸಳ ಕಾಗದಕ್ಕೆ ಎಲ್ಲರೂ ರುಜು ಹಾಕಿದರು. ನಿನ್ನ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ ಇದೆ. ಕಾಗದ ಇದರ ಜೊತೆಗಿಟ್ಟಿದ್ದೇನೆ. ಕೋರ್ಟು ಮುಂದಿನ ತಿಂಗಳು. ನೀನೇ ತೆಗೆದುಕೊಂಡು ಬಂದರೆ ಏಡಿ ಬೇಯಿಸುತ್ತೇನೆ. ಮುತ್ತಜ್ಜನ ಶವಪೆಟ್ಟಿಗೆಯ ಮೇಲಿಂದ, ಅವನ ಆತ್ಮ ಕಾಡದಿರಲಿ ಎಂದು ದಾಟಿಸಿದ ಕೂಸು ನೀನೇ. ಅಮ್ಮನ ಲಂಗ ಹಿಡಿದು ನಾನು ನೋಡುತ್ತ ನಿಂತಿದ್ದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು.

ನಿನ್ನ ಅಕ್ಕ,
ವರ್ಡೆಲ್

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಅಂಚೆಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಾವು ನಕ್ಕಾಗ ಆ ಕಂಪನಿಯವನು ತಿರುಗಿ, "ನಿಮ್ಮ ತಮ್ಮ ಹೋದ ತಿಂಗಳೇ ತನ್ನ ಪಾಲು ನಮಗೆ ಬರೆದುಕೊಟ್ಟಾಯ್ತಲ್ಲಮ್ಮಾ" ಎಂದ. ಎಲ್ಲರೂ ನನ್ನ ಮುಖ ನೋಡಿದರು. ಬದುಕಿದ್ದವರಿಗೂ ಸತ್ತವರಿಗೂ ಕೇಳುವ ಹಾಗೆ ನಾನು "ಸುಳ್ಳು" ಎಂದೆ. ಆ ಮಾತನ್ನು ನಂಬಿಯೇ ಅವರೆಲ್ಲ ರುಜು ಹಾಕಿದ್ದು. ಸುಳ್ಳು ತಾನೇ, ಕೂಟಾ? ನಿಜವಾಗಿದ್ದರೂ ಬಾ. ನನ್ನ ಮನೆಯ ಬಾಗಿಲು ನಾನು ತೆಗೆಯುತ್ತೇನೆ. ಆ ಮರಗಳ ಹತ್ತಿರ ಮಾತ್ರ ಒಳಗೆ ಬರಲೇ ಎಂದು ನೀನೇ ನಿಂತು ಕೇಳಬೇಕು.